ಆರಂಭದ ಶಿಲ್ಕು

ಏನಾದರೂ ಬರೆದು ಕೊಡು ಅಂತ ಸಂಪಾದಕ ಮಿತ್ರರು ಬೆನ್ನು ಹತ್ತಿ ತಿಂಗಳಾಯಿತು. ಕಾಮರ್ಸಿನವನಿಗೆ ಕತೆ, ಕವಿತೆ ಎಲ್ಲಿಂದ ಬರಬೇಕು? ಬರುವುದು ಲೆಕ್ಕ ಒಂದೇ. ಹಾಗಾಗಿ ಒಂದು ತಪ್ಪು ಲೆಕ್ಕದ ವಿಷಯವನ್ನೇ ಬರೆಯುತ್ತೇನೆ. ತಪ್ಪು ಮಾಡಿದವನು ನಾನೇ.

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹೋದ ವರ್ಷ ನಮ್ಮ ಬಳಗದ ಭಾಷಣ ಸ್ಪರ್ಧೆಯಲ್ಲಿ ನಾನು ಎರಡನೇ ಬಹುಮಾನ ಹೊಡೆದಿದ್ದೆ. ಪರೇಲಿನ ಚಾಳಿನಲ್ಲಿ ಹತ್ತಕ್ಕೆ ಹದಿನಾರು ಅಡಿಯ ಖೋಲಿ, ಅದರಲ್ಲಿ ಐದು ಜನ, ಗ್ಯಾಲರಿಯ ದೀಪದ ಕೆಳಗೆ ಓದು, ಮುನಿಸಿಪಾಲಿಟಿಯ ಕನ್ನಡ ಶಾಲೆ, ಕಾಲೇಜಿನ ಮೊದಲ ದಿನ ಪ್ರೊಫೆಸರರ ಇಂಗ್ಲಿಷು ತಿಳಿಯದೆ ಪಕ್ಕದವನ ಮುಖ ನೋಡಿದ್ದು, ಎಲ್ಲ ಹೇಳಿದೆ. ಕೊನೆಗೆ ‘ಯಾರ ಹಂಗೂ ಇಲ್ಲದೆ ನನ್ನ ಕಾಲ ಮೇಲೆ ನಾನು ನಿಂತೆ’ ಅಂದೆ. ಚಪ್ಪಾಳೆ ಬಿತ್ತು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆ ಕೊನೆಯ ವಾಕ್ಯ ಒಂದು ಬಿಟ್ಟು.

ನಮ್ಮ ಚಾಳಿನ ಹಿಂದಿನ ಗಲ್ಲಿಯಲ್ಲಿ ಹಳೇ ಕಟ್ಟಡ ಕೆಡವಿ ಟವರು ಎಬ್ಬಿಸುತ್ತಿದ್ದಾರೆ. ಫೆಬ್ರವರಿಯ ಒಂದು ಸಂಜೆ ಅಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಸಿಮೆಂಟು ಚೀಲ ಇಳಿಸುತ್ತಿದ್ದ ಹುಡುಗನೊಬ್ಬ ನನ್ನನ್ನೇ ನೋಡುತ್ತಿದ್ದ.

‘ಗುರ್ತ ಸಿಗಲಿಲ್ಲೇನಲೇ?’

ಧ್ವನಿಯಿಂದ ಸಿಕ್ಕಿತು. ಹೆಸರು ಬರೆಯುವುದಿಲ್ಲ, ಅವನನ್ನು ಕೇಳಿಲ್ಲ. ಏಳನೇ ಕ್ಲಾಸಿನಲ್ಲಿ ನನ್ನ ಬೆಂಚಿನವನು, ವಿಜಯಪುರದ ಕಡೆಯವನು. ನಮ್ಮ ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳು ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೇ. ನಾವು ನಾಲ್ಕೈದು ಉಡುಪಿ-ಮಂಗಳೂರಿನವರು ಅವರ ಮಾತಿಗೆ ನಗುತ್ತಿದ್ದೆವು. ಅವರು ನಮ್ಮದನ್ನು ‘ಪುಸ್ತಕದ ಕನ್ನಡ’ ಅಂತ ಆಡಿಕೊಳ್ಳುತ್ತಿದ್ದರು. ಬಡ್ಡಿ ಲೆಕ್ಕ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಇವನು ಬಾಯಲ್ಲೇ ಮಾಡಿ ಉತ್ತರ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ದೀಪಾವಳಿ ರಜೆ ಮುಗಿಸಿ ಬಂದಾಗ ಬೆಂಚು ಖಾಲಿ. ಅಪ್ಪನ ಸೈಟು ಮುಗಿದು ಪುಣೆಗೆ ಹೋದರು ಅಂತ ಗೊತ್ತಾಯಿತು. ಟೀಚರು ಒಂದು ತಿಂಗಳು ಹಾಜರಿಯಲ್ಲಿ ಅವನ ಹೆಸರು ಕೂಗಿದರು, ಆಮೇಲೆ ಕೆಂಪು ಗೆರೆ ಎಳೆದರು.

‘ಏನ್ ಓದಾಕತ್ತಿ?’ ಅಂತ ಕೇಳಿದ. ಬಿ.ಕಾಂ. ಅಂದೆ. ‘ಲೆಕ್ಕದ್ದಾ? ಬಡ್ಡಿ ಲೆಕ್ಕ ನಿನಗ ಬರ್ತಿದ್ದಿಲ್ಲಲ್ಲೋ!’ ಅಂತ ಜೋರಾಗಿ ನಕ್ಕ. ನಗುವಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮಿತ್ರರೇ, ನಾವು ಖಾತೆ ಬರೆಯುವಾಗ ಮೊದಲ ಸಾಲಿನಲ್ಲಿ ಏನು ಬರೆಯುತ್ತೇವೆ? ಆರಂಭದ ಶಿಲ್ಕು. ಹಿಂದಿನ ವರ್ಷದಿಂದ ಬಂದದ್ದು. ಅದನ್ನು ಬಿಟ್ಟು ಎಲ್ಲವನ್ನೂ ಈ ವರ್ಷದ ಲಾಭ ಅಂತ ತೋರಿಸಿದರೆ ಆಡಿಟರು ಸುಮ್ಮನಿರುತ್ತಾನೆಯೇ? ನಾನು ಭಾಷಣದಲ್ಲಿ ಮಾಡಿದ್ದು ಅದನ್ನೇ.

ನನ್ನ ಅಜ್ಜ 1957ರಲ್ಲಿ ಹದಿಮೂರು ವರ್ಷದವನಾಗಿ ಮುಂಬಯಿಗೆ ಬಂದು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದವನು. ಧಣಿ ನಮ್ಮ ಊರಿನವರು, ನಮ್ಮ ಜಾತಿಯವರು. ಇದನ್ನೂ ನಾನು ಭಾಷಣದಲ್ಲಿ ಹೇಳಿರಲಿಲ್ಲ. ಸಂಜೆ ಆರಕ್ಕೆ ಕೆಲಸ ಬಿಡಿಸಿ ಕನ್ನಡ ರಾತ್ರಿ ಶಾಲೆಗೆ ಕಳಿಸುತ್ತಿದ್ದರು. ಅಜ್ಜ ಎಸ್ಸೆಸ್ಸಿ ಪಾಸಾಗಿ ಗುಮಾಸ್ತನಾದ, ಪಗಡಿ ಕೊಟ್ಟು ಈ ಖೋಲಿ ಹಿಡಿದ. ಮುಂಬಯಿಯ 1947ರ ಬಾಡಿಗೆ ಕಾನೂನು ಹಳೇ ಕಟ್ಟಡಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತ್ತು. 1999ರ ಕಾನೂನು ಬಂದ ಮೇಲೂ ಮಾಲೀಕ ವರ್ಷಕ್ಕೆ ಏರಿಸಬಹುದಾದದ್ದು ಶೇಕಡಾ 4 ಮಾತ್ರ. ಬಾಡಿಗೆದಾರ ತೀರಿಕೊಂಡರೆ ಜೊತೆಯಲ್ಲಿದ್ದ ಮನೆಯವರಿಗೆ ಹಕ್ಕು ಬರುತ್ತದೆ. ರಸೀದಿ ಈಗ ಅಪ್ಪನ ಹೆಸರಿನಲ್ಲಿದೆ, ತಿಂಗಳಿಗೆ 180 ರೂಪಾಯಿ. ನನ್ನ ಪುಸ್ತಕ, ಫೀಸು, ತಂಗಿಯ ಟ್ಯೂಷನ್ನು ಎಲ್ಲ ಹುಟ್ಟಿದ್ದು ಬಾಡಿಗೆಗೆ ಹೋಗದೆ ಉಳಿದ ಆ ದುಡ್ಡಿನಿಂದ. ಹತ್ತು ವರ್ಷ ಒಂದೇ ಶಾಲೆಯ ದಾರಿ ನಡೆದದ್ದೂ ಅದರಿಂದಲೇ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ‘ಅಜ್ಜನ ಪುಣ್ಯ ಮಾರಾಯ’ ಅಂದರು. ಪುಣ್ಯ ಇರಬಹುದು. ಆದರೆ ಪುಣ್ಯ ಅಂದುಬಿಟ್ಟರೆ ಇವನ ಅಪ್ಪ ಪಾಪ ಮಾಡಿದ್ದ ಅಂತ ಆಗುತ್ತದಲ್ಲ? ಅವರೂ ಈ ಊರಿಗೆ ಕೆಲಸಕ್ಕೇ ಬಂದವರು. ಬರುವ ಹೊತ್ತಿಗೆ 180ರ ಖೋಲಿ ಯಾರಿಗೂ ಸಿಗುತ್ತಿರಲಿಲ್ಲ, ಅಷ್ಟೆ. ಅಜ್ಜ ಬದುಕಿದ್ದಾಗ ನಾನು ಒಂದು ದಿನವೂ ಈ ವಿಷಯ ಎತ್ತಲಿಲ್ಲ. ಅವನ ಕೆಮ್ಮಿನಿಂದ ಓದಿಗೆ ತೊಂದರೆ ಅಂತ ಗ್ಯಾಲರಿಗೆ ಹೋಗಿ ಕೂತದ್ದು ಮಾತ್ರ ಚೆನ್ನಾಗಿ ನೆನಪಿದೆ. ಭಾಷಣದ ಆ ಗ್ಯಾಲರಿ ದೀಪ ಅದೇ.

ಹೋದ ಭಾನುವಾರ ಅವನನ್ನು ಮನೆಗೆ ಕರೆದೆ. ಅಮ್ಮ ನೀರುದೋಸೆ ಮಾಡಿದ್ದಳು, ನಾಚಿಕೊಂಡೇ ಎಂಟು ತಿಂದ. ಸುತ್ತ ನೋಡಿ, ‘ಖೋಲಿ ದೊಡ್ಡದೈತಿ ಬಿಡೋ. ನಳ ಒಳಗೇ ಐತಿ’ ಅಂದ. ಸ್ಪರ್ಧೆಯ ತೀರ್ಪುಗಾರರು ಅಲ್ಲಿದ್ದರೆ ಬಹುಮಾನ ವಾಪಸು ಕೇಳುತ್ತಿದ್ದರೋ ಏನೋ.

17ನೇ ನಂಬರಿನ ಫಾರ್ಮು ತುಂಬಿದರೆ ಹೊರಗಿನಿಂದ ಎಸ್ಸೆಸ್ಸಿಗೆ ಕೂರಬಹುದು, ಶಾಲೆ ಬಿಟ್ಟ ದಾಖಲೆ ಬೇಕು ಅಂತ ಹೇಳಿದೆ. ದೊಡ್ಡ ಉಪಕಾರ ಮಾಡುವವನ ಧಾಟಿ ನನ್ನ ಮಾತಿನಲ್ಲಿ ಬಂತು, ನನಗೇ ಕೇಳಿಸಿತು. ಅವನು, ‘ನೋಡೂನು. ಮಳಿಗಾಲದ ತನಕಾ ಸೈಟ್ ಇಲ್ಲೇ ಐತಿ’ ಅಂದ.

ನಮ್ಮ ಹಳೇ ಶಾಲೆಗೆ ಕೊಡಬೇಕಾದ ಅರ್ಜಿ ಬರೆದಿಟ್ಟಿದ್ದೇನೆ. ಅವನ ಸಹಿ ಬೇಕು. ಬರುವ ಭಾನುವಾರ ಬರ್ತೀನಿ ಅಂದಿದ್ದಾನೆ.