ಹದಿನಾರು ಸೆಂಟಿಮೀಟರಿನೊಳಗೆ

ಶ್ರೀನಗರ ಬಸ್ ನಿಲ್ದಾಣದ ಗದ್ದಲ ದಾಟಿ ಒಳರಸ್ತೆಗೆ ಬಂದಿದ್ದೀರಿ. ಜೆರಾಕ್ಸ್ ಅಂಗಡಿಯ ಕೌಂಟರಿನ ಮುಂದೆ ನಿಮಗಿಂತ ಮೊದಲು ಬಂದವರು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಸಂಜೆ ಅವರಿಗೆ ಸಭೆ, ಕೈಯಲ್ಲಿ ವರ್ಷದ ಲೆಕ್ಕ. ಲೆಕ್ಕವೇನೋ ಸರಿಯಿದೆ, ಆದರೆ ಬಾಕಿ ಮೊತ್ತದ ಕಾಲಮ್ಮೇ ಕಾಗದದಲ್ಲಿಲ್ಲ.

"ಬ್ರೌಸರಲ್ಲಿ ಚೆನ್ನಾಗೇ ಕಾಣ್ತಿತ್ತು ಕಣಮ್ಮ. ಕಾಪಿ ಮಾಡಿ ವರ್ಡ್‌ಗೆ ಹಾಕಿದ್ದಷ್ಟೇ."

ಕಂಪ್ಯೂಟರಿನ ಮುಂದಿರುವ ಹುಡುಗಿ ಪರದೆಯನ್ನು ಈಚೆ ತಿರುಗಿಸುತ್ತಾಳೆ. ನೀವೂ ಬಗ್ಗಿ ನೋಡುತ್ತೀರಿ. ಕೊನೆಯ ಕಾಲಮ್ ಪುಟದ ಅಂಚು ದಾಟಿ ಹೋಗಿದೆ.

"ಟೇಬಲ್ ಅಗಲ 960 ಪಿಕ್ಸೆಲ್ ಅಂಕಲ್. ಇಂಚಿಗೆ 96ರ ಲೆಕ್ಕದಲ್ಲಿ ಹತ್ತು ಇಂಚಾಯ್ತು, ಅಂದ್ರೆ 25.4 ಸೆಂಟಿಮೀಟರ್. ಎ4 ಹಾಳೆ ಇರೋದೇ 21. ಎರಡೂ ಕಡೆ ಮಾರ್ಜಿನ್ ಕಳೆದ್ರೆ ನಮಗೆ ಸಿಗೋದು ಹದಿನಾರು, ಅದೂ ಪೂರ್ತಿ ಇಲ್ಲ."

"ಹಾಳೆ ಅಡ್ಡ ತಿರುಗಿಸಮ್ಮ."

"ಅಡ್ಡ ಹಾಕಿದ್ರೂ 24.62. ಮುಕ್ಕಾಲು ಸೆಂಟಿಮೀಟರ್ ಕಮ್ಮಿ ಬೀಳುತ್ತೆ."

ಬ್ರೌಸರಿಗೆ ಹಾಳೆಯ ಹಂಗಿಲ್ಲ; ಕಿಟಕಿ ಸಾಲದಿದ್ದರೆ ಪಕ್ಕಕ್ಕೆ ಜರುಗಿಸಿ ನೋಡಬಹುದು. ವರ್ಡಿಗೆ ಆ ಸುಖ ಎಲ್ಲಿಯದು? ಲೇಔಟ್‌ನಲ್ಲಿ ಆಟೋಫಿಟ್ ವಿಂಡೋ ಒತ್ತುತ್ತಾಳೆ. ಊಟದ ಪಂಕ್ತಿಯಲ್ಲಿ ಒತ್ತಿಕೊಂಡು ಜಾಗ ಕೊಟ್ಟಂತೆ ಕಾಲಮ್ಮುಗಳೆಲ್ಲ ಒಳಗೆ ಬರುತ್ತವೆ. ಆದರೆ 'ವಿವರ' ತೀರ ಇಕ್ಕಟ್ಟು, ಎರಡೇ ಅಂಕಿಯ ಫ್ಲ್ಯಾಟ್ ನಂಬರಿಗೆ ಮಾತ್ರ ಅಂಗಳದಷ್ಟು ಜಾಗ. ಅಕ್ಷರ ನೋಡಿ ಅಗಲ ತಾನಾಗಿ ಬದಲಾಗುವ ಆಯ್ಕೆಯ ಟಿಕ್ ತೆಗೆದು, ಒಂದೊಂದು ಕಾಲಮ್ಮಿಗೂ ಸೆಂಟಿಮೀಟರಿನಲ್ಲೇ ಅಳತೆ ಕೊಡುತ್ತಾಳೆ. ಚೌಕಗಳ ನಡುವೆ ಜೋಡಿ ಗೆರೆ ಬಂದಿದೆ. ಬೇರೆ ಹೇಳದಿದ್ದರೆ ಬ್ರೌಸರು ಎರಡು ಪಿಕ್ಸೆಲ್ ಸಂದು ಬಿಡುತ್ತದೆ. ಅದೂ ಜೊತೆಗೇ ಬಂದದ್ದು. ಟೇಬಲ್ ಆಪ್ಷನ್ಸ್‌ನಲ್ಲಿ ಇನ್ನೊಂದು ಟಿಕ್ ತೆಗೆದಳು, ಗೆರೆ ಒಂದಾಯಿತು.

"ಸಾಲೆಲ್ಲ ಒಂದೇ ಎತ್ತರ ಇರಲಮ್ಮ, ನೀಟಾಗಿ."

ಬೇಡ ಎನ್ನದೆ ಅವಳು ಎತ್ತರಕ್ಕೆ 'ಎಕ್ಸಾಕ್ಟ್ಲಿ' ಹಾಕಿ ತೋರಿಸುತ್ತಾಳೆ. 'ಸಂಪ್ ಸ್ವಚ್ಛತೆ' ಎಂಬಲ್ಲಿ ಕೆಳಗಿನ ಒತ್ತುಗಳೆಲ್ಲ ಕತ್ತರಿಸಿಹೋಗಿ 'ಸಚತೆ' ಉಳಿಯುತ್ತದೆ. ನಿಮಗೆ ನಗು ತಡೆಯುವುದಿಲ್ಲ. ಇಂಗ್ಲಿಷಿನ ಸಾಲು ಇಷ್ಟೇ ಎತ್ತರದಲ್ಲಿ ಹಾಯಾಗಿ ಕೂರುತ್ತಿತ್ತು. ಅಕ್ಷರದ ಕೆಳಗೆ ಮತ್ತೊಂದು ಅಕ್ಷರ ಹೊರುವ ಕನ್ನಡಕ್ಕೆ ಅದು ಸಾಲದು. 'ಅಟ್ ಲೀಸ್ಟ್' ಎಂದು ಬದಲಿಸಿದೊಡನೆ ಒತ್ತುಗಳು ಮರಳುತ್ತವೆ.

ಎರಡನೇ ಪುಟದಲ್ಲಿ ತಲೆಬರಹವೇ ಇಲ್ಲ. ಒಂದೇ ಉದ್ದ ಪುಟವಾಗಿ ಓಡುವ ಬ್ರೌಸರಿನಲ್ಲಿ ಅದು ಒಂದು ಸಲ ಇದ್ದರೆ ಸಾಕಿತ್ತು. ಮೊದಲ ಸಾಲು ಆರಿಸಿ 'ರಿಪೀಟ್ ಹೆಡರ್ ರೋಸ್'. ಮುಗಿಯಿತು.

"ಇದನ್ನೇ ಗ್ರೂಪಿಗೂ ಹಾಕಿಬಿಡ್ತೀನಿ."

"ವರ್ಡ್ ಫೈಲ್ ಬೇಡ ಅಂಕಲ್. ಒಬ್ಬೊಬ್ಬರ ಮೊಬೈಲಲ್ಲಿ ಒಂದೊಂದು ಥರ ಕಾಣುತ್ತೆ. ಪಿಡಿಎಫ್ ಮಾಡ್ಕೊಡ್ತೀನಿ."

"ಆಮೇಲೆ ಅಂಕಿ ತಿದ್ದೋದು ಕಷ್ಟ ಅಲ್ವೇನಮ್ಮ?"

"ನೀವು ಖಜಾಂಚಿ ಅಲ್ವಲ್ಲ ಅಂಕಲ್," ಎನ್ನುತ್ತಾಳೆ ಅವಳು, ನಿಮ್ಮ ಕೈಯಲ್ಲಿದ್ದ ಆಧಾರ್ ಕಾರ್ಡಿಗೆ ಕೈ ಚಾಚುತ್ತ.