ಮುರಿದರೂ ಪರವಾಗಿಲ್ಲ ಅನ್ನೋ ಕಾರು

"ಟಕ್" ಅಂತ ಒಂದೇ ಸದ್ದು. ಇಂಜಿನ್ ಕಿರುಚ್ತಾ ಇದೆ, ಗೇರ್ ಫಸ್ಟಲ್ಲೇ ಇದೆ, ಕಾರು ಮಾತ್ರ ಒಂದಿಂಚೂ ಮುಂದೆ ಹೋಗ್ತಿಲ್ಲ. 2016ರ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ, ಇನ್ನೂ ಮನೆಗಳೇಳದ ಒಂದು ಲೇಔಟಿನ ಖಾಲಿ ರಸ್ತೆಯಲ್ಲಿ, ನಾನು ಅಪ್ಪನ ಪದ್ಮಿನಿಯ ಆಕ್ಸಲ್ ಶಾಫ್ಟ್ ಮುರಿದಿದ್ದೆ.

ಕಾರುಗಳ ಬಗ್ಗೆ ಆಸಕ್ತಿ ಇಲ್ಲದವರು ಇಲ್ಲಿಗೇ ಓದು ನಿಲ್ಲಿಸಬಹುದು, ಬೇಜಾರಿಲ್ಲ :-) ಆದ್ರೆ ಇದರಲ್ಲಿ ಅರ್ಧ ಅಪ್ಪನ ಕಥೆ.

1983ರ ಪ್ರೀಮಿಯರ್ ಪದ್ಮಿನಿ ಅದು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. 1089 ಸಿಸಿ ಇಂಜಿನ್, ನಲವತ್ತು ಚಿಲ್ಲರೆ ಕುದುರೆಗಳು, ಸ್ಟೀರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರ್. ನಾನು ಅದನ್ನ ಓಡಿಸೋಕೆ ಕಲಿತಿದ್ದು ಹದಿನೆಂಟಕ್ಕೆ, ಒರೆಸೋಕೆ ಕಲಿತಿದ್ದು ಆರಕ್ಕೆ. ಅಂಥ ಕಾರನ್ನ ಡ್ರ್ಯಾಗ್ ರೇಸಿಗೆ ಇಳಿಸೋ ಹುಚ್ಚು ನಂಗೆ ಬಂದಿದ್ದೂ ಅಪ್ಪನಿಂದಲೇ. ಎಪ್ಪತ್ತರ ದಶಕದಲ್ಲಿ ಅವರು ಸ್ನೇಹಿತರ ಜೊತೆ ರೈಲು ಹತ್ತಿ ಮದ್ರಾಸಿನ ಹತ್ತಿರದ ಶೋಲಾವರಂಗೆ ರೇಸ್ ನೋಡೋಕೆ ಹೋಗ್ತಿದ್ರಂತೆ. ಎರಡನೇ ಮಹಾಯುದ್ಧದ ಕಾಲದ ವಿಮಾನದ ಪಟ್ಟಿ, ಅದರ ಮೇಲೆ ಬೈಕುಗಳು, ಫಾರ್ಮುಲಾ ಕಾರುಗಳು, ಜೊತೆಗೆ ನಮ್ಮ ಇದೇ ಫಿಯಟ್ಟುಗಳು! ಸೈಲೆನ್ಸರ್ ಕಿತ್ತ ಫಿಯಟ್ಟು ಬರ್ತಾ ಇದ್ರೆ ಹೇಗಿರ್ತಿತ್ತು ಅಂತ ಬಾಯಲ್ಲೇ ಸದ್ದು ಮಾಡಿ ತೋರಿಸ್ತಿದ್ರು. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಬಂದಮೇಲೆ ಶೋಲಾವರಂ ಕಥೆ ಮುಗೀತು. ಅಪ್ಪ ಬಾಯಲ್ಲಿ ಮಾಡೋ ಸದ್ದು ಮಾತ್ರ ಉಳೀತು.

ಡ್ರ್ಯಾಗ್ ರೇಸ್ ಅಂದ್ರೆ ಕಾಲು ಮೈಲಿ, ಅಂದ್ರೆ 402 ಮೀಟರ್ ನೇರ ರಸ್ತೆ. ತಿರುವಿಲ್ಲ, ಹಾಗಾಗಿ ನನ್ನಂಥವನೂ ಮಾಡಬಹುದು ಅನ್ನಿಸಿತ್ತು. ಆದ್ರೆ ಅದರ ಕಷ್ಟವೆಲ್ಲ ಮೊದಲ ಹತ್ತು ಮೀಟರಲ್ಲಿ. ನಿಂತ ಕಾರಲ್ಲಿ ಇಂಜಿನ್ ಏರಿಸಿ ಕ್ಲಚ್ಚನ್ನ ಒಮ್ಮೆಗೇ ಬಿಟ್ಟಾಗ, ಇಂಜಿನ್ ಮತ್ತು ಟೈರಿನ ಮಧ್ಯೆ ಯಾವುದು ಎಲ್ಲಕ್ಕಿಂತ ಸೋತಿದೆಯೋ ಅದು ಮುರಿಯುತ್ತೆ. ಮೂವತ್ತಮೂರು ವರ್ಷದ ಶಾಫ್ಟು ಸೋತಿತ್ತು.

ಅಪ್ಪ ಬೈಯಲಿಲ್ಲ. ಟೆಂಪೋಗೆ ಹಗ್ಗ ಕಟ್ಟಿ ಎಳೆದು ತಂದಾಗ ಗೇಟು ತೆಗೆದರು, ಗೇಟು ಹಾಕಿದರು, ಒಳಗೆ ಹೋದರು. ಒಂದು ವಾರ ಅಮ್ಮನ ಮೂಲಕವೇ ಮಾತು. "ಊಟಕ್ಕೆ ಬರ್ತಾನಾ ಕೇಳು."

ಸರಿಯಾದ ಶಾಫ್ಟ್ ಹುಡುಕೋಕೆ ಎರಡು ತಿಂಗಳಾಯ್ತು. ಕೊನೆಗೆ ಶಿವಾಜಿನಗರದ ಗುಜರಿಯಲ್ಲಿ ಸಿಕ್ತು. ಅದನ್ನ ಹಾಕಿಕೊಟ್ಟ ನಮ್ಮ ಮೆಕ್ಯಾನಿಕ್ ಭಾಯ್ ಕೈ ಒರೆಸಿಕೊಳ್ತಾ ಹೇಳಿದ್ದು ಇಷ್ಟೇ: "ಸಾರ್, ಇದು ನಿಮ್ ತಂದೆಯವರ್ ಗಾಡಿ. ಮುರಿಯೋಕೆ ಅಂತ ಬೇರೆ ಒಂದು ತಗೊಳ್ಳಿ. ಎಸ್ಟೀಮ್ ತಗೊಳ್ಳಿ. ಬೆಳಿಗ್ಗೆ ಮುರಿದ್ರೆ ಮಧ್ಯಾಹ್ನ ಪಾರ್ಟ್ ಸಿಗುತ್ತೆ."

ತಗೊಂಡೆ. 2004ರ ಮಾರುತಿ ಎಸ್ಟೀಮ್, ಒಂದು ಬಾಗಿಲು ಬೇರೆ ಬಣ್ಣ, 48 ಸಾವಿರ ರೂಪಾಯಿ. 1298 ಸಿಸಿ, 85 ಕುದುರೆಗಳು, ತೂಕ ಒಂಬೈನೂರು ಕೇಜಿ ಒಳಗೆ. ಬಡವರ ರೇಸಿಗೆ ಇದಕ್ಕಿಂತ ಒಳ್ಳೇ ಲೆಕ್ಕಾಚಾರ ಇಲ್ಲ. ಶಕ್ತಿ ಹೆಚ್ಚಿಸೋಕೆ ದುಡ್ಡು ಬೇಕು, ತೂಕ ಇಳಿಸೋಕೆ ಸ್ಪ್ಯಾನರ್ ಸಾಕು. ಹಿಂದಿನ ಸೀಟು, ಕಾರ್ಪೆಟ್ಟು, ಏಸಿ, ಸ್ಪೀಕರುಗಳು, ಸ್ಟೆಪ್ನಿ... ಎಲ್ಲ ಹೊರಗೆ. ಲಾರಿ ತೂಗೋ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದಾಗ 790 ಅಂತ ತೋರಿಸ್ತು. ಅಲ್ಲಿದ್ದ ಹುಡುಗ "ಲೋಡ್ ಏನ್ ಸಾರ್?" ಅಂತ ಕೇಳಿದ. "ಏನೂ ಇಲ್ಲ, ಅದಕ್ಕೇ ತೂಗ್ತಿರೋದು" ಅಂದೆ. ಹೊಸ ಕ್ಲಚ್ ಪ್ಲೇಟು, ಫ್ರೀ ಫ್ಲೋ ಸೈಲೆನ್ಸರು, ಮುಂದಕ್ಕೆರಡು ಒಳ್ಳೇ ಟೈರು. ಕಾರೂ ಸೇರಿ 90 ಸಾವಿರ ದಾಟಲಿಲ್ಲ. (ಮನೆಯಲ್ಲಿ ಹೇಳಿದ ಲೆಕ್ಕ 60 ಸಾವಿರ. ನನ್ನ ಹೆಂಡತಿ ಇದನ್ನ ಓದಲ್ಲ ಅನ್ನೋ ಧೈರ್ಯ.)

ಅಪ್ಪ ಮೊದಮೊದಲು ಆ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಸಂಜೆ ನಾನು ಪ್ರಾಕ್ಟೀಸ್ ವಿಡಿಯೋ ನೋಡ್ತಾ ಇದ್ದಾಗ ಹಿಂದೆ ನಿಂತು ನೋಡಿ, "ಮೂತಿ ಎತ್ತುತ್ತಲ್ಲೋ, ದೋಣಿ ಥರ" ಅಂದ್ರು. ನಿಜ. ಹೊರಡುವಾಗ ಭಾರವೆಲ್ಲ ಹಿಂದಕ್ಕೆ ಸರಿಯುತ್ತೆ. ಪದ್ಮಿನಿಗೆ ಅದು ಒಳ್ಳೇದೇ, ಅದರಲ್ಲಿ ಎಳೆಯೋದು ಹಿಂದಿನ ಚಕ್ರ. ಎಸ್ಟೀಮಲ್ಲಿ ಎಳೆಯೋದು ಮುಂದಿನವು. ಭಾರ ಕಳಕೊಂಡು ಸುಮ್ನೆ ಗಿರಗಿರ ತಿರುಗುತ್ವೆ. ಮಾರನೇ ದಿನ ಅಪ್ಪ ಬಸ್ಸಲ್ಲಿ ಜೆ.ಸಿ. ರೋಡಿಗೆ ಹೋಗಿ, ಸ್ಪ್ರಿಂಗಿನ ಸುರುಳಿಗಳ ಮಧ್ಯೆ ಸಿಕ್ಕಿಸೋ ರಬ್ಬರ್ ಬಫರ್ ತಂದು ಮೇಜಿನ ಮೇಲಿಟ್ಟರು. ಏನೂ ಹೇಳಲಿಲ್ಲ, ಬಿಲ್ ಮಾತ್ರ ಪಕ್ಕದಲ್ಲಿತ್ತು. ಹಿಂದಿನ ಸ್ಪ್ರಿಂಗಿಗೆ ಅವನ್ನ ಹಾಕಿ, ಮುಂದಿನ ಟೈರಲ್ಲಿ ಗಾಳಿ ಕಡಿಮೆ ಮಾಡಿದ್ಮೇಲೆ ಅರ್ಧ ರೋಗ ವಾಸಿ.

2018ರಲ್ಲಿ ಲೋನಾವಳದ ಹತ್ತಿರ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್ಪಿಗೆ ಹೋಗೋದು ಅಂತಾಯ್ತು. ಕಾರು ಸಾಗಿಸೋ ಲಾರಿಗೆ ದುಡ್ಡೆಲ್ಲಿಂದ? ಅದೇ ಕಾರನ್ನ ಓಡಿಸ್ಕೊಂಡು ಹೊರಟೆ. "ನಾನೂ ಬರ್ತೀನಿ" ಅಂದ್ರು ಅಪ್ಪ. ಎಪ್ಪತ್ತೆರಡು ವರ್ಷ. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಸಾತಾರ... ಏಸಿ ಇಲ್ಲ, ಕಾರ್ಪೆಟ್ಟಿಲ್ಲ, ಕಾಲಡಿ ತಗಡು ಕಾಯ್ತಾ ಇದೆ, ಮಾತಾಡಿದ್ರೆ ಕೇಳಲ್ಲ. ಇಬ್ಬರೂ ಸುಮ್ನೆ ಕೂತು ಹೋದ್ವಿ. ಕೊಲ್ಲಾಪುರ ದಾಟಿದ್ಮೇಲೆ ನನ್ನ ಕಿವಿ ಹತ್ರ ಬಾಗಿ ಕೂಗಿದ್ರು: "ಶೋಲಾವರಂ ಫಿಯಟ್ಟಿಗೂ ಇಷ್ಟೇ ಸದ್ದಿತ್ತು ಕಣೋ!"

ಅಲ್ಲಿ ಹೋದ್ಮೇಲೆ ಪ್ಯಾಸೆಂಜರ್ ಸೀಟೂ ಬಿಚ್ಚಿದ್ವಿ. ಹನ್ನೆರಡು ಕೇಜಿ ಬಿಡೋಕಾಗುತ್ತಾ? ಆ ಸೀಟನ್ನ ಬೇಲಿ ಆಚೆ ನೆಲದ ಮೇಲಿಟ್ಟು, ತಲೆಗೆ ಟವೆಲ್ ಸುತ್ಕೊಂಡು, ಅಪ್ಪ ಅದರ ಮೇಲೇ ಕೂತ್ರು. ಸುತ್ತ ಕೋಟಿ ಬೆಲೆಯ ಕಾರುಗಳು.

ಮೊದಲ ಓಟ 17.9 ಸೆಕೆಂಡು. ಎರಡನೇದು 17.2. ಹಳದಿ ದೀಪಗಳಾದ್ಮೇಲೆ ಹಸಿರು. ಗಡಿಯಾರ ಶುರುವಾಗೋದು ಹಸಿರು ಬಂದಾಗಲ್ಲ, ಚಕ್ರ ಗೆರೆ ಬಿಟ್ಟಾಗ. ಹಾಗಾಗಿ ನಿದ್ದೆ ಮಾಡಿ ಹೊರಟ್ರೂ ಸಮಯ ಚೆನ್ನಾಗೇ ಬರುತ್ತೆ, ರೇಸು ಮಾತ್ರ ಪಕ್ಕದವನು ಗೆದ್ದಿರ್ತಾನೆ. ನಂಗೆ ಎರಡು ಸಲವೂ ಅದೇ ಆಯ್ತು. ಮೂರನೇ ಓಟಕ್ಕೆ ದೀಪ ಬಿಟ್ಟು ಬೇರೇನೂ ನೋಡಲ್ಲ ಅಂತ ನಿಂತೆ. ಹಸಿರು. ಕ್ಲಚ್ ಬಿಟ್ಟೆ.

"ಟಕ್."

ಅದೇ ಸದ್ದು! ಈ ಸಲ ಬಲಗಡೆ ಡ್ರೈವ್ ಶಾಫ್ಟ್. ಇಂಜಿನ್ ಕಿರುಚ್ತಾ ಇದೆ, ಕಾರು ನಿಂತಲ್ಲೇ ಇದೆ, ಎದೆ ಒಂದು ಕ್ಷಣ ಹಳೇ ಲೇಔಟಿನ ರಸ್ತೆಗೆ ಹೋಯ್ತು. ಆಮೇಲೆ ನೆನಪಾಯ್ತು, ಡಿಕ್ಕಿಯಲ್ಲಿ ಗುಜರಿಯಿಂದ ತಂದ ಇನ್ನೊಂದು ಶಾಫ್ಟ್ ಇದೆ, 1200 ರೂಪಾಯಿದು. ತಳ್ಕೊಂಡು ಆಚೆ ತಂದಾಗ ಅಪ್ಪ ಆಗಲೇ ಎದ್ದು ನಿಂತಿದ್ರು. "ಹಿಂದಿನ ಸಲದ್ದೂ ಇದೇ ಸದ್ದಾ?" ಅಂದ್ರು. ಹೂಂ ಅಂದೆ. ಎರಡು ವರ್ಷದಲ್ಲಿ ಅದರ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. ನಗೋಕೆ ಶುರು ಮಾಡಿದ್ರು. ಆಮೇಲೆ ಜ್ಯಾಕ್ ಕೊಟ್ಟು, ಟಾರ್ಚ್ ಹಿಡಿದು, ನಟ್ಟು ಬಿಚ್ಚೋದು ಯಾವ ಕಡೆಗೆ ಅಂತ ನನಗೇ ಹೇಳಿಕೊಡ್ತಾ ಕೂತ್ರು. ಮುಗಿಯುವಾಗ ಕತ್ತಲಾಗಿತ್ತು, ರೇಸೂ ಮುಗಿದಿತ್ತು. ಸೀಟು ವಾಪಸ್ ಹಾಕಿ ಮನೆಗೆ ಹೊರಟ್ವಿ.

ಎಸ್ಟೀಮನ್ನ 2019ರಲ್ಲಿ ಹದಿನೈದು ವರ್ಷ ತುಂಬಿದಾಗ ಗುಜರಿಗೇ ಕೊಟ್ಟೆ. ಅಪ್ಪ ಆ ಸೀಟು ಮಾತ್ರ ಕೊಡೋಕೆ ಬಿಡಲಿಲ್ಲ. ಈಗ ಅದು ನಮ್ಮ ವರಾಂಡದಲ್ಲಿದೆ, ಪದ್ಮಿನಿ ಎದುರಿಗೆ. ಬೆಳಿಗ್ಗೆ ಪೇಪರ್ ಓದೋದು ಅದರ ಮೇಲೆ. ನೆಂಟರು ಬಂದಾಗಲಾದ್ರೂ ಅದನ್ನ ಒಳಗಿಡಿ ಅಂತ ಅಮ್ಮ ಇನ್ನೂ ಹೇಳ್ತಾನೇ ಇದ್ದಾರೆ.