ಗೀರು ಮುಚ್ಚುವುದು, ಗೀರು ಮಾಯಿಸುವುದು

ಮಕ್ಕಳಿರುವ ಮನೆಯಲ್ಲಿ ಒಂದಿಲ್ಲೊಂದು ವಸ್ತು ಒಡೆಯುವುದು, ಕೆಡುವುದು ಸಹಜ. ಕೆಟ್ಟದ್ದು ನಮ್ಮ ವಸ್ತುವಾದರೆ ಎರಡು ಮಾತು ಗದರಿಸಿ ಸುಮ್ಮನಾಗುತ್ತೇವೆ. ಪರರ ವಸ್ತುವು ನಮ್ಮ ಮಕ್ಕಳ ಕೈಯಲ್ಲಿ ಕೆಟ್ಟಾಗ ಮಾತ್ರ ನಾವು ಎಂಥವರೆಂಬುದು ನಮಗೇ ತಿಳಿಯುತ್ತದೆ. 2024ರ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ನಡೆದ ಇಂಥದೊಂದು ಪ್ರಸಂಗವನ್ನು ಬಂಧುಗಳ ಮುಂದೆ ಇಡುತ್ತಿದ್ದೇವೆ.

ನಾವು ಧಾರವಾಡದವರು. ನಮ್ಮ ಮಗನು ಕಾಲೇಜಿನಲ್ಲಿ ಓದುತ್ತಿದ್ದಾನೆ. ಅವನ ಗೆಳೆಯನೊಬ್ಬನು ಬಾಗಲಕೋಟೆ ಕಡೆಯ ಹಳ್ಳಿಯವನು. ಪ್ರಸಾದ ನಿಲಯದಲ್ಲಿದ್ದುಕೊಂಡು ಓದುವ ಹುಡುಗ. ಆ ಭಾಗವು ಸೈಕಲ್ ಓಟಕ್ಕೆ ಹೆಸರಾದುದು. ಬೆಳಗಿನ ಜಾವ ಮನೆಮನೆಗೆ ಪತ್ರಿಕೆ ಹಾಕಿ ಕೂಡಿಸಿದ ಹಣದಿಂದ ಅವನು ಗುಡ್ಡಗಾಡಿನಲ್ಲಿ ಓಡಿಸುವ ಮೌಂಟನ್ ಸೈಕಲ್ಲೊಂದನ್ನು ಕೊಂಡಿದ್ದನು. ಒಂದು ಭಾನುವಾರ ನಮ್ಮ ಮಗನು ಅದನ್ನು ಕೇಳಿ ಪಡೆದು ಸೋಮೇಶ್ವರ ಗುಡಿಯ ಕಡೆಗೆ ಹೋಗಿ, ಮಳೆಗೆ ನೆನೆದ ಕೆಂಪು ಮಣ್ಣಿನಲ್ಲಿ ಜಾರಿ ಬಿದ್ದನು. ದೇವರ ದಯದಿಂದ ಅವನಿಗೆ ಪೆಟ್ಟಾಗಲಿಲ್ಲ. ಆದರೆ ಸೈಕಲ್ಲಿನ ಮುಂದಿನ ಫೋರ್ಕು ಕಲ್ಲಿಗೆ ಉಜ್ಜಿ, ಬಲಗಡೆಯ ಕೊಳವೆಯ ಮೇಲೆ ಅಕ್ಕಿಕಾಳಿನಷ್ಟು ಉದ್ದದ ಗೀರು ಬಿದ್ದಿತ್ತು.

ಈ ಫೋರ್ಕಿನ ರಚನೆಯನ್ನು ಎರಡು ಮಾತಿನಲ್ಲಿ ಹೇಳುವುದು ಅಗತ್ಯ. ಮೇಲಿನ ಎರಡು ನುಣುಪಾದ ಕೊಳವೆಗಳು ಕೆಳಗಿನ ಎರಡು ಕಾಲುಗಳೊಳಗೆ ಜಾರುತ್ತವೆ. ಒಳಗಿರುವ ಸ್ಪ್ರಿಂಗು ಪೆಟ್ಟನ್ನು ತಾಳುತ್ತದೆ. ಎಣ್ಣೆಯು ಅದರ ಪುಟಿತವನ್ನು ಹಿಡಿತದಲ್ಲಿಡುತ್ತದೆ. ಕೆಳಗಿನ ಕಾಲಿನ ಬಾಯಿಯಲ್ಲಿರುವ ರಬ್ಬರ್ ಸೀಲು ಧೂಳನ್ನು ಹೊರಗೂ ಎಣ್ಣೆಯನ್ನು ಒಳಗೂ ಇರಿಸುತ್ತದೆ. ಮೋಟಾರ್ ಸೈಕಲ್ಲುಗಳಿಗೆ ಇಂತಹ ಎಣ್ಣೆಯ ಫೋರ್ಕನ್ನು 1935ರಲ್ಲಿಯೇ ಬಿಎಂಡಬ್ಲ್ಯು ಆರ್12 ಗಾಡಿಯಲ್ಲಿ ಅಳವಡಿಸಿದ್ದರು. ಅಮೆರಿಕದ ಪಾಲ್ ಟರ್ನರ್ ಅವರ ರಾಕ್‌ಶಾಕ್ಸ್ ಸಂಸ್ಥೆಯು 1989ರ ಸುಮಾರಿಗೆ ಅದನ್ನು ಗುಡ್ಡಗಾಡಿನ ಸೈಕಲ್ಲಿಗೆ ತಂದಿತು.

ಸೀಲಿನಿಂದ ಹೆಬ್ಬೆರಳಿನಷ್ಟು ಮೇಲೆ ಇದ್ದ ಆ ಗೀರು ಕಣ್ಣಿಗೆ ಅಲ್ಪವೇ. ಆದರೆ ಪ್ರತಿ ಪೆಟ್ಟಿಗೂ ಕೊಳವೆಯು ಕೆಳಗಿಳಿದಾಗ ಗೀರಿನ ಚೂಪಾದ ಅಂಚು ಸೀಲನ್ನು ಕೊರೆಯುತ್ತದೆ. ಕೊರೆದ ಸೀಲಿನಿಂದ ಎಣ್ಣೆ ಹೊರಬರುತ್ತದೆ, ಧೂಳು ಒಳಸೇರುತ್ತದೆ, ಆ ಧೂಳು ಹೊಸ ಗೀರುಗಳನ್ನು ಮಾಡುತ್ತದೆ. ಆ ವೇಳೆಗಾಗಲೇ ಕೊಳವೆಯ ಸುತ್ತ ಎಣ್ಣೆಯ ಉಂಗುರವೊಂದು ಮೂಡಿತ್ತು.

ನಾವು ಬಸ್ ಡಿಪೋದ ಕಾರ್ಯಾಗಾರದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದವರು. ಮೊದಲು ಅಂಗಡಿಯೊಂದರಲ್ಲಿ ವಿಚಾರಿಸಿದೆವು. ಪೂರ್ತಿ ಫೋರ್ಕನ್ನೇ ಬದಲಿಸಬೇಕೆಂದರು. ಹೇಳಿದ ಬೆಲೆಯು ಅರ್ಧ ಸೈಕಲ್ಲಿನ ಬೆಲೆಯಾಗಿತ್ತು. ಆಗ ನಮ್ಮ ಮನಸ್ಸಿನಲ್ಲಿ ಬಂದ ಯೋಚನೆಯನ್ನು ಮುಚ್ಚಿಡದೆ ಹೇಳುತ್ತೇವೆ. ಎಣ್ಣೆಯನ್ನು ಒರೆಸಿ, ಗೀರಿಗೆ ಉಗುರಿನ ಬಣ್ಣ ತುಂಬಿ, ಸಂಜೆಯೇ ಮರಳಿ ಕೊಟ್ಟುಬಿಟ್ಟರೆ ಯಾರಿಗೂ ತಿಳಿಯದು. ಎರಡು ತಿಂಗಳ ಮೇಲೆ ಎಣ್ಣೆ ಸೋರಿದರೆ ಅದು ಯಾರ ತಪ್ಪೆಂದು ಯಾರು ಬಲ್ಲರು? ಮಗನೂ ತಲೆಯಾಡಿಸಿದನು.

ಅಡುಗೆಮನೆಯಿಂದ ನಮ್ಮ ಮನೆಯವರು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಹೊರಗೆ ಬಂದು, “ಮೊದ್ಲ ಆ ಹುಡುಗಗ ಹೇಳ್ರಿ. ಅವನ ಸಾಮಾನಿಗೆ ಅವನ್ನ ಕೇಳದ ಕೈ ಹಚ್ಚೋದು ಹೆಂಗರಿ? ನಾಳೆ ಅದನ್ನ ನಂಬಿ ಅಂವ ಗುಡ್ಡ ಇಳಿಯಾಂವ” ಎಂದರು. ಅಷ್ಟೇ ಹೇಳಿ ಒಳಗೆ ಹೋದರು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹೇಳಿ ಕಳಿಸಿದ ಕಥೆಯನ್ನು ನಾವು ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೇವೆ, ಮಕ್ಕಳಿಗೂ ಹೇಳಿದ್ದೇವೆ. ಆ ಕಥೆ ನಮ್ಮ ಪಡಸಾಲೆಗೇ ಬಂದು ನಿಂತಾಗ ನಾಚಿಕೆಯಾಯಿತು.

ಮಗನೇ ಹೋಗಿ ಗೆಳೆಯನನ್ನು ಕರೆತಂದನು. ಹುಡುಗನು ಗೀರನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ನಾವು, “ತಮ್ಮಾ, ಇದನ್ನ ನಾವು ರಿಪೇರಿ ಮಾಡಿ ನೋಡ್ತೀವಿ. ಸರಿಹೋಗದಿದ್ರ ಹೊಸಾದು ಹಾಕ್ಸಿ ಕೊಡ್ತೀವಿ. ನಿನ್ನ ಒಪ್ಪಿಗಿ ಬೇಕು” ಎಂದೆವು. ಅವನು, “ಕಾಕಾ, ನಾನೂ ಕೂಡ ಕುಂದರ್ತೀನ್ರಿ, ಕಲ್ತಂಗ ಆಗ್ತೈತಿ” ಎಂದನು.

ಸೀಲುಗಳನ್ನು ಬೆಂಗಳೂರಿನಿಂದ ತರಿಸಿಕೊಂಡು ಮುಂದಿನ ಭಾನುವಾರ ಕೆಲಸಕ್ಕೆ ಕುಳಿತೆವು. ಮುಂದಿನ ಗಾಲಿಯನ್ನೂ ಬ್ರೇಕನ್ನೂ ಬಿಚ್ಚಿದೆವು. ಕೆಳಗೊಂದು ತಟ್ಟೆಯಿಟ್ಟು, ಕಾಲುಗಳ ತುದಿಯ ಬೋಲ್ಟುಗಳನ್ನು ಸಡಿಲಿಸಿ ಮೆಲ್ಲಗೆ ತಟ್ಟಿ ಕಾಲುಗಳನ್ನು ಕೆಳಗೆ ಎಳೆದೆವು. ಇದು ಸ್ಪ್ರಿಂಗಿನ ಫೋರ್ಕು. ಗಾಳಿಯ ಫೋರ್ಕಾದರೆ ಮೊದಲು ಗಾಳಿಯನ್ನು ಪೂರ್ತಿ ಬಿಡಲೇಬೇಕು. ತಟ್ಟೆಗೆ ಬಿದ್ದ ಎಣ್ಣೆ ಕಪ್ಪಾಗಿತ್ತು.

ಬಳಿಕ ಗೀರಿನ ಪರೀಕ್ಷೆ. ಉಗುರನ್ನು ಕೊಳವೆಯುದ್ದಕ್ಕೂ ಮೆಲ್ಲಗೆ ಎಳೆದರೆ, ತಡೆಯದ ಗೀರು ಬರಿಯ ಕಲೆ; ತಡೆಯುವ ಗೀರಿಗೆ ಮಾತ್ರ ಚಿಕಿತ್ಸೆ. ಕೊಳವೆಯಲ್ಲಿ ಬಿರುಕಾಗಲಿ ತಗ್ಗಾಗಲಿ ಕಂಡರೆ ಅಂಥದನ್ನು ದುರಸ್ತಿ ಮಾಡಬಾರದು, ಬದಲಿಸಲೇಬೇಕು. ನಮ್ಮ ಪುಣ್ಯಕ್ಕೆ ಅವು ಇರಲಿಲ್ಲ. 2000 ನಂಬರಿನ ವಾಟರ್ ಪೇಪರಿಗೆ ಒಂದು ಹನಿ ಎಣ್ಣೆ ಹಚ್ಚಿ, ಎದ್ದು ನಿಂತ ಅಂಚನ್ನಷ್ಟೇ ತೀಡಿದೆವು. ಅಲ್ಯೂಮಿನಿಯಂ ಕೊಳವೆಯ ಮೇಲಿನ ಗಟ್ಟಿಯಾದ ಲೇಪವು ತಲೆಗೂದಲಿಗಿಂತ ತೆಳುವಾದುದು. ಒಮ್ಮೆ ಹೋದರೆ ಮನೆಯಲ್ಲಿ ಅದನ್ನು ಮತ್ತೆ ತರಲಾಗದು. ಮಗನು ಉತ್ಸಾಹದಿಂದ ಸುತ್ತಲೂ ತಿಕ್ಕಲು ಹೋದಾಗ ಕೈ ಹಿಡಿದು ನಿಲ್ಲಿಸಿದೆವು. ಬೇಕಾದಷ್ಟನ್ನೇ ತೆಗೆಯಬೇಕು. ಲಕ್ಕಮ್ಮನವರ ಮಾತು ಇಲ್ಲಿಯೂ ಸಲ್ಲುತ್ತದೆಂದು ಅವನಿಗೆ ಹೇಳಿದೆವು.

ಆಮೇಲೆ ಸ್ಪಿರಿಟ್ಟಿನಿಂದ ಎಣ್ಣೆಯ ಜಿಡ್ಡನ್ನು ಒರೆಸಿ, ಗೀರಿನ ಎರಡೂ ಬದಿಗೆ ಟೇಪು ಅಂಟಿಸಿ, ಎರಡು ಟ್ಯೂಬಿನ ಅರಾಲ್ಡೈಟ್ ಕಲಸಿ ಸೂಜಿಯ ಮೊನೆಯಿಂದ ತುಂಬಿದೆವು. ಉಗುರಿನ ಬಣ್ಣವನ್ನೂ ಬಳಸುವವರಿದ್ದಾರೆ. ಅದು ಮೆದು, ಬೇಗ ಸವೆಯುತ್ತದೆ. ಒಂದು ಹಗಲು ಒಂದು ರಾತ್ರಿ ಒಣಗಲು ಬಿಟ್ಟು, ಉಬ್ಬಿದ ಭಾಗವನ್ನು ಅದೇ ಪೇಪರಿನಿಂದ ಕೊಳವೆಯ ಮಟ್ಟಕ್ಕೆ ತಂದೆವು. ಉಗುರು ತಡೆಯದೆ ಜಾರಿದಾಗ ಹುಡುಗರಿಬ್ಬರ ಮುಖವೂ ಅರಳಿತು. ಹಳೆಯ ಸೀಲುಗಳನ್ನು ತೆಗೆದು ಕಾಲುಗಳ ಒಳಭಾಗವನ್ನು ಶುಚಿಗೊಳಿಸಿ, ಸ್ಪಂಜಿನ ಉಂಗುರಗಳನ್ನು ಎಣ್ಣೆಯಲ್ಲಿ ನೆನೆಸಿ, ಹೊಸ ಸೀಲುಗಳನ್ನು ಕೂರಿಸಿ, ತಯಾರಕರು ಹೇಳಿದ ಅಳತೆಯ ಎಣ್ಣೆ ಹಾಕಿ ಜೋಡಿಸಿದೆವು.

ಆ ಎರಡು ದಿನ ಕೆಲಸದ ನಡುವೆ ನಾವು ಹುಡುಗರಿಗೆ ಈ ಆಟದ ಹುಟ್ಟಿನ ಸಂಗತಿಯೊಂದನ್ನು ಹೇಳಿದೆವು. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ ಕೆಲವು ತರುಣರು ಹಳೆಯ ಸೈಕಲ್ಲುಗಳಲ್ಲಿ ಗುಡ್ಡ ಇಳಿಯುವ ಪಂದ್ಯವೊಂದನ್ನು ಆರಂಭಿಸಿದರು. ಇಳಿಯುವಾಗ ಹಿಂದಿನ ಗಾಲಿಯ ಒಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗುತ್ತಿತ್ತು. ಇಳಿದ ಮೇಲೆ ಹೊಸ ಗ್ರೀಸು ತುಂಬಲೇಬೇಕಾಗುತ್ತಿತ್ತು. ಆ ಮರುತುಂಬುವ ಕೆಲಸದಿಂದಲೇ ಪಂದ್ಯಕ್ಕೆ ‘ರಿಪ್ಯಾಕ್’ ಎಂಬ ಹೆಸರಾಯಿತು. ಗೆದ್ದವರ ಹೆಸರನ್ನಲ್ಲ, ದುರಸ್ತಿಯ ಹೆಸರನ್ನೇ ಅವರು ಪಂದ್ಯಕ್ಕೆ ಇಟ್ಟುಕೊಂಡರು. ಕಾಯಕದ ಗೌರವವನ್ನು ಬಲ್ಲ ನಮಗೆ ಈ ಮಾತು ಹೊಸದಲ್ಲ.

ಸೈಕಲ್ಲನ್ನು ಮರಳಿ ಕೊಡುವಾಗ ಗೆಳೆಯನಿಗೆ ಇದ್ದುದನ್ನು ಇದ್ದಂತೆಯೇ ಹೇಳಿದೆವು: ತುಂಬಿದ ಜಾಗವು ಮೊದಲಿನ ಲೇಪದಷ್ಟು ಗಟ್ಟಿಯಲ್ಲ, ತಿಂಗಳಿಗೊಮ್ಮೆ ಉಗುರಾಡಿಸಿ ನೋಡಬೇಕು, ಪ್ರತಿ ಸವಾರಿಯ ಬಳಿಕ ಕೊಳವೆಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು, ಮತ್ತೆ ಎಣ್ಣೆಯ ಉಂಗುರ ಕಂಡರೆ ನಮಗೆ ತಿಳಿಸಬೇಕು. ಹೊಸ ಫೋರ್ಕಿಗೆಂದು ನಮ್ಮ ಮನೆಯವರು ತೆಗೆದಿಟ್ಟ ಹಣವು ಇಂದಿಗೂ ಹಾಗೆಯೇ ಇದೆ.

ಎಣ್ಣೆ ಈವರೆಗೆ ಸೋರಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಆ ಗೀರು ಈಗಲೂ ಕಾಣುತ್ತದೆ. ಅದು ಕಾಣುವುದರಿಂದ ಯಾರಿಗೂ ಅಂಜಿಕೆಯಿಲ್ಲ. ಭಾನುವಾರ ಮಧ್ಯಾಹ್ನ ಆ ಹುಡುಗನು ಈಗ ನಮ್ಮ ಮನೆಗೇ ಊಟಕ್ಕೆ ಬರುತ್ತಾನೆ. ಊಟಕ್ಕೆ ಮೊದಲು ಇಬ್ಬರೂ ಕಟ್ಟೆಯ ಮೇಲೆ ಕುಳಿತು ಸೈಕಲ್ಲಿನ ಕೊಳವೆಗಳನ್ನು ಒರೆಸುತ್ತಾರೆ.